ಅಪ್ಪ ಅಮ್ಮನ ಜೊತೆ ಸ್ವೀಡನ್ನಿನ ಯೋನ್‌ಶೋಪಿಂಗ್‌ಗೆ: ನಾಲ್ಕು ದಿನ ಕೊಡಬಹುದಾ?

ತುಮಕೂರಿನವಳು

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಯೋನ್‌ಶೋಪಿಂಗ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾನೆ. ಬರುವ ಜೂನ್‌ನಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಅವನನ್ನು ನೋಡಿ ಬರಬೇಕು ಅಂತ ಇದ್ದೇನೆ. ಅಪ್ಪ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿ ರಿಟೈರ್ ಆದವರು. ಅಮ್ಮನಿಗೆ ಮಂಡಿ ನೋವು. ಮೊಟ್ಟೆಯನ್ನೂ ಮುಟ್ಟುವುದಿಲ್ಲ.

ಇಲ್ಲಿನ ಟ್ರಾವೆಲ್ ಏಜೆಂಟ್ ಒಬ್ಬರು ಸ್ಟಾಕ್‌ಹೋಮ್, ಓಸ್ಲೋ, ಕೋಪನ್‌ಹೇಗನ್ ಮೂರನ್ನೂ ಸೇರಿಸಿ ಒಂದು ವಾರದ ಪ್ಲ್ಯಾನ್ ಕೊಟ್ಟಿದ್ದಾರೆ. ತಮ್ಮನ ಊರಿಗೆ ಒಂದು ಮಧ್ಯಾಹ್ನ ಸಾಕು, ಅದು ಸಣ್ಣ ಊರು, ನೋಡೋಕೆ ಏನೂ ಇಲ್ಲ ಅನ್ನುತ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ನಾಲ್ಕು ದಿನ ಅಲ್ಲೇ ಇರೋಣ ಅನ್ನಿಸುತ್ತಿದೆ. ಅಷ್ಟು ದಿನಕ್ಕೆ ಆ ಊರಿನಲ್ಲಿ ವಿಷಯ ಇದೆಯಾ? ಅಲ್ಲಿ ಇದ್ದು ಬಂದವರು ದಯವಿಟ್ಟು ಹೇಳಿ.

ಓಸ್ಲೋದಿಂದ

ಮೇಡಂ, ನೇರವಾಗಿ ಹೇಳುತ್ತೇನೆ. ಅಷ್ಟು ದೂರದಿಂದ, ಅಷ್ಟು ಖರ್ಚು ಮಾಡಿ ಬರುತ್ತೀರಿ. ಸ್ಕ್ಯಾಂಡಿನೇವಿಯಾ ಅಂದರೆ ನಾರ್ವೆಯ ಫ್ಯೋರ್ಡ್‌ಗಳು, ಅಂದರೆ ಕಡಿದಾದ ಬೆಟ್ಟಗಳ ನಡುವೆ ಒಳಗೆ ನುಗ್ಗಿದ ಸಮುದ್ರದ ಕವಲುಗಳು. ಬರ್ಗೆನ್ ಕಡೆಗೆ ರೈಲಿನಲ್ಲಿ ಹೋಗುವ ದಾರಿ ಒಂದೇ ಸಾಕು, ನಿಮ್ಮ ಅಪ್ಪ ಅಮ್ಮ ಜೀವಮಾನ ಇಡೀ ನೆನೆಯುತ್ತಾರೆ. ತಮ್ಮನಿಗೆ ಜೂನ್‌ನಲ್ಲಿ ಕ್ಲಾಸ್ ಇರುವುದಿಲ್ಲ, ಅವನೇ ನಿಮ್ಮ ಜೊತೆ ಬರಲಿ. ಸರೋವರದ ದಂಡೆಯ ಸಣ್ಣ ಊರೇ ಬೇಕು ಅಂದರೆ ಲಿಲ್ಲೆಹಾಮರ್ ನೋಡಿ. 1994ರ ಚಳಿಗಾಲದ ಒಲಿಂಪಿಕ್ಸ್ ನಡೆದದ್ದು ಅಲ್ಲೇ. ಪಕ್ಕದಲ್ಲಿರುವ ಮ್ಯೋಸಾ ನಾರ್ವೆಯ ಅತಿ ದೊಡ್ಡ ಸರೋವರ. ಸ್ಕಿಬ್ಲಾಡ್ನರ್ ಎಂಬ ಚಕ್ರದ ಹಬೆ ಹಡಗು 1856ರಿಂದ ಆ ನೀರಿನ ಮೇಲೆ ಓಡಾಡುತ್ತಿದೆ, ಇವತ್ತಿಗೂ. ಮೈಹೌಗೆನ್ ಎಂಬ ಬಯಲು ಮ್ಯೂಸಿಯಂನಲ್ಲಿ ಹಳೇ ಮರದ ಮನೆಗಳನ್ನು ಹಾಗೆ ಹಾಗೇ ತಂದು ನಿಲ್ಲಿಸಿದ್ದಾರೆ.

ವೆಟರ್ನ್ ದಂಡೆಯವನು

ನಾನು ಯೋನ್‌ಶೋಪಿಂಗ್‌ನಲ್ಲೇ ಇರುವವನು. ಮೇಲಿನ ಗೆಳೆಯರು ಹೇಳಿದ ಫ್ಯೋರ್ಡ್‌ಗಳ ಬಗ್ಗೆ ನನ್ನ ತಕರಾರಿಲ್ಲ. ಅವು ನಿಜಕ್ಕೂ ಅದ್ಭುತ. ಆದರೆ ಮಂಡಿ ನೋವಿರುವ ಅಮ್ಮನನ್ನು ಒಂದು ವಾರದಲ್ಲಿ ಮೂರು ರಾಜಧಾನಿ ಸುತ್ತಿಸುವುದಕ್ಕಿಂತ, ಒಂದೇ ಊರಿನಲ್ಲಿ ಬ್ಯಾಗ್ ಇಳಿಸಿ ಆ ಊರನ್ನು ಸರಿಯಾಗಿ ನೋಡುವುದು ಒಳ್ಳೆಯದು. ಅದಕ್ಕೆ ಯೋನ್‌ಶೋಪಿಂಗ್ ತಕ್ಕ ಜಾಗ. ನಾಲ್ಕು ದಿನ ಧಾರಾಳವಾಗಿ ಕೊಡಿ.

ಮೊದಲು ಸರೋವರದ ವಿಷಯ. ವೆಟರ್ನ್ ಸ್ವೀಡನ್ನಿನ ಎರಡನೇ ದೊಡ್ಡ ಸರೋವರ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 135 ಕಿಲೋಮೀಟರ್ ಉದ್ದ, ಅಗಲ ಅತಿ ಜಾಸ್ತಿ ಇರುವ ಕಡೆ 30 ಕಿಲೋಮೀಟರ್ ಆಸುಪಾಸು. ಆಳ 128 ಮೀಟರ್‌ವರೆಗೆ ಹೋಗುತ್ತದೆ. ನಮ್ಮ ಊರು ಅದರ ದಕ್ಷಿಣದ ತುದಿಯಲ್ಲಿದೆ. ರೈಲಿನಿಂದ ಇಳಿದರೆ ಒಂದು ಕಡೆ ಪೇಟೆ, ಇನ್ನೊಂದು ಕಡೆ ನೀರು. ಆ ಕಡೆಯ ದಡ ಕಾಣುವುದಿಲ್ಲ. ಅಲೆ ಬರುತ್ತದೆ, ಮರಳಿನ ಬೀಚ್ ಇದೆ, ಅದೂ ಊರಿನ ನಟ್ಟನಡುವೆ. ಮೊದಲ ಸಲ ಬಂದವರು ಸಮುದ್ರ ಅಂದುಕೊಳ್ಳುತ್ತಾರೆ. ಬಗ್ಗಿ ಬೊಗಸೆಯಲ್ಲಿ ಕುಡಿದರೆ ಸಿಹಿ ನೀರು.

ಸುತ್ತಲಿನ ಹಲವು ಊರುಗಳಿಗೆ ಕುಡಿಯುವ ನೀರು ಬರುವುದು ಇದರಿಂದಲೇ. ಸುಮಾರು ಎರಡೂವರೆ ಲಕ್ಷ ಜನ ಈ ನೀರನ್ನು ನಂಬಿದ್ದಾರೆ. ತಿಳಿಯಾದ ದಿನ 10 ಮೀಟರ್‌ಗಿಂತ ಕೆಳಗಿನವರೆಗೂ ಕಾಣುತ್ತದೆ. ಈ ಸರೋವರಕ್ಕೆ ಬಂದು ಸೇರುವ ನದಿಗಳು ಸಣ್ಣವು, ಹೊರಗೆ ಹೋಗುವುದು ಮೂತಾಲಾ ಊರಿನ ಹತ್ತಿರ ಒಂದೇ ದಾರಿ. ಹಾಗಾಗಿ ಒಳಗಿನ ನೀರೆಲ್ಲ ಒಮ್ಮೆ ಬದಲಾಗಬೇಕಾದರೆ ಸುಮಾರು 60 ವರ್ಷ ಬೇಕು. ಇವತ್ತು ಇದಕ್ಕೆ ವಿಷ ಬಿದ್ದರೆ ಮೊಮ್ಮಕ್ಕಳ ಕಾಲದವರೆಗೂ ಉಳಿಯುತ್ತದೆ. ಇಲ್ಲಿನ ಜನ ಇದನ್ನು ಬಲ್ಲರು. ಗ್ರೆನ್ನಾ ಊರಿನ ಬಳಿ ನೋರ್ರಾ ಶೆರ್ ಅನ್ನುವಲ್ಲಿ ಅಪರೂಪದ ಲೋಹಗಳ ಅದಿರು ಇದೆ. ಗಣಿ ಮಾಡಲು ಗುತ್ತಿಗೆ ಕೂಡ ಸಿಕ್ಕಿತ್ತು. ಸರೋವರಕ್ಕೆ ಏನಾಗುತ್ತದೋ ಅಂತ ಜನ ಎದ್ದು ನಿಂತರು. 2016ರಲ್ಲಿ ಸ್ವೀಡನ್ನಿನ ಉನ್ನತ ಆಡಳಿತ ನ್ಯಾಯಾಲಯ ಆ ಗುತ್ತಿಗೆಯನ್ನು ರದ್ದು ಮಾಡಿತು. ವಾದ ಅಲ್ಲಿಗೆ ಮುಗಿಯಲಿಲ್ಲ. ಎಲೆಕ್ಟ್ರಿಕ್ ಕಾರಿಗೆ, ಗಾಳಿಯಂತ್ರಕ್ಕೆ ಆ ಲೋಹಗಳು ಬೇಕು ಅನ್ನುವವರು ಇದ್ದಾರೆ. ಅವರ ಮಾತನ್ನೂ ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಆದರೂ ನನ್ನ ಮತ ನೀರಿನ ಕಡೆಗೆ.

ಚರಿತ್ರೆಯ ಭಾಗವನ್ನು ಬೇರೆಯಾಗಿ ಬರೆಯುತ್ತೇನೆ. ನಿಮ್ಮ ಅಪ್ಪನಿಗೆ ಇಲ್ಲಿ ಒಂದು ದಿನ ಸಾಲುವುದಿಲ್ಲ.

ಹಳೇ ಕಡ್ಡಿಪೆಟ್ಟಿಗೆ

ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಬೆಂಕಿಪೊಟ್ಟಣದ ಲೇಬಲ್‌ಗಳನ್ನು ಸಂಗ್ರಹಿಸುವವನು. ಯೋನ್‌ಶೋಪಿಂಗ್ ಹೆಸರು ಕಂಡು ಸುಮ್ಮನಿರಲು ಆಗಲಿಲ್ಲ. ನಮ್ಮಂಥವರಿಗೆ ಅದು ಯಾತ್ರಾಸ್ಥಳ!

ನಾವೆಲ್ಲ ಗೀರುವ ಕಡ್ಡಿ, ಅಂದರೆ ಪೊಟ್ಟಣದ ಪಕ್ಕಕ್ಕೆ ಉಜ್ಜಿದರೆ ಮಾತ್ರ ಹತ್ತುವ ಕಡ್ಡಿ, ಜಗತ್ತಿಗೆ ಹರಡಿದ್ದು ಆ ಊರಿನಿಂದ. ಅದಕ್ಕೂ ಮೊದಲು ಕಡ್ಡಿಯ ತಲೆಯಲ್ಲೇ ಬಿಳಿ ರಂಜಕ ಇರುತ್ತಿತ್ತು. ಎಲ್ಲಿ ಉಜ್ಜಿದರೂ ಹತ್ತುತ್ತಿತ್ತು, ಜೇಬಿನಲ್ಲೇ ಹತ್ತಿದ್ದೂ ಉಂಟು. ಅದನ್ನು ತಯಾರಿಸುವ ಕೆಲಸಗಾರರ ದವಡೆ ಮೂಳೆ ಕೊಳೆಯುತ್ತಿತ್ತು. ಸ್ವೀಡನ್ನಿನ ಗುಸ್ತಾಫ್ ಎರಿಕ್ ಪಾಶ್ 1844ರಲ್ಲಿ ಹೊಸ ದಾರಿಗೆ ಪೇಟೆಂಟ್ ಪಡೆದರು. ರಂಜಕವನ್ನು ಕಡ್ಡಿಯಿಂದ ತೆಗೆದು ಉಜ್ಜುವ ಪಟ್ಟಿಗೆ ಸೇರಿಸಿದರು, ಅದೂ ಅಷ್ಟು ಅಪಾಯವಿಲ್ಲದ ಕೆಂಪು ರಂಜಕ. ಕಡ್ಡಿ ಬೇರೆ, ಪಟ್ಟಿ ಬೇರೆ. ಎರಡೂ ಸೇರಿದರೆ ಮಾತ್ರ ಬೆಂಕಿ. ಅದನ್ನು ಮಾರುವ ಮಟ್ಟಕ್ಕೆ ತಂದವರು ಯೋನ್‌ಶೋಪಿಂಗ್‌ನ ಲುಂಡ್‌ಸ್ಟ್ರೋಮ್ ಅಣ್ಣತಮ್ಮಂದಿರು, ಯೋಹಾನ್ ಎಡ್ವರ್ಡ್ ಮತ್ತು ಕಾರ್ಲ್ ಫ್ರಾನ್ಸ್. 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಇದಕ್ಕೆ ಪದಕ ಸಿಕ್ಕಿತು. ಆಮೇಲೆ ಅಲೆಕ್ಸಾಂಡರ್ ಲಾಗರ್ಮನ್ ಎಂಬ ಎಂಜಿನಿಯರ್ ಯಂತ್ರಗಳನ್ನು ಮಾಡಿದರು. 1892ರ ಹೊತ್ತಿಗೆ ಕಡ್ಡಿ ಅದ್ದುವುದರಿಂದ ಹಿಡಿದು ಪೊಟ್ಟಣ ತುಂಬುವವರೆಗೆ ಎಲ್ಲವನ್ನೂ ಒಂದೇ ಯಂತ್ರ ಮಾಡುತ್ತಿತ್ತು. ಅದಕ್ಕೂ ಮೊದಲು ಊರಿನ ಬಡವರ ಮನೆಗಳಲ್ಲಿ ಹೆಂಗಸರು, ಮಕ್ಕಳು ಕೂತು ಪೊಟ್ಟಣಕ್ಕೆ ಅಂಟು ಹಚ್ಚುತ್ತಿದ್ದರು. ಅಲ್ಲಿನ ಬೆಂಕಿಪೊಟ್ಟಣದ ಮ್ಯೂಸಿಯಂಗೆ ಹೋದರೆ ಈ ಭಾಗವನ್ನು ತಪ್ಪಿಸಬೇಡಿ.

ನಮ್ಮ ದೇಶದ ಕೊಂಡಿಯನ್ನೂ ಹೇಳಿಬಿಡುತ್ತೇನೆ. ಸ್ವೀಡನ್ನಿನ ಕಡ್ಡಿಪೆಟ್ಟಿಗೆ ಭಾರತಕ್ಕೆ ಹಡಗಿನಲ್ಲಿ ಬರುತ್ತಿತ್ತು. 1922ರಲ್ಲಿ ಇಲ್ಲಿನ ಸರ್ಕಾರ ಆಮದು ಸುಂಕ ಏರಿಸಿತು. ಮರುವರ್ಷವೇ, 1923ರಲ್ಲಿ, ಸ್ವೀಡಿಷ್ ಮ್ಯಾಚ್ ಕಂಪನಿ ಇಲ್ಲೇ ವೆಸ್ಟರ್ನ್ ಇಂಡಿಯಾ ಮ್ಯಾಚ್ ಕಂಪನಿ ಶುರು ಮಾಡಿತು. ಅದೇ ವಿಮ್ಕೋ. ಮುಂಬೈ ಪಕ್ಕದ ಅಂಬರನಾಥದಲ್ಲಿ ಕಾರ್ಖಾನೆ. ಹಡಗಿನ ಚಿತ್ರದ ಶಿಪ್ ಬೆಂಕಿಪೊಟ್ಟಣ ನೆನಪಿದೆಯಾ? ಅದು ವಿಮ್ಕೋದ್ದು. ನಮ್ಮ ಅಜ್ಜಿಯರು ದೇವರ ಮನೆಯಲ್ಲಿ ದೀಪ ಹಚ್ಚಿದ ಎಷ್ಟೋ ಕಡ್ಡಿಗಳ ಮೂಲ ಆ ಸರೋವರದ ದಂಡೆ. ನಿಮ್ಮ ತಂದೆಯವರಿಗೆ ಈ ಕಥೆಯನ್ನು ಹೊರಡುವ ಮುಂಚೆಯೇ ಹೇಳಿ.

ವೆಟರ್ನ್ ದಂಡೆಯವನು

ಸರ್, ತುಂಬಾ ಚೆನ್ನಾಗಿ ಬರೆದಿದ್ದೀರಿ. ಇಲ್ಲೇ ಇರುವ ನನಗೂ ವಿಮ್ಕೋ ಕೊಂಡಿ ಗೊತ್ತಿರಲಿಲ್ಲ. ಮ್ಯೂಸಿಯಂ ಇರುವುದು ಹಳೇ ಕಾರ್ಖಾನೆಯ 1848ರ ಕಟ್ಟಡದಲ್ಲೇ, ಸ್ಟೇಷನ್ನಿನಿಂದ ನಡೆದು ಹೋಗಬಹುದು. ಕಾರ್ಖಾನೆ 1971ರಲ್ಲಿ ಮುಚ್ಚಿತು. ಸುತ್ತಲಿನ ಹಳೇ ಕಟ್ಟಡಗಳಲ್ಲಿ ಈಗ ಕೆಫೆ, ನಾಟಕ, ಆಫೀಸುಗಳು. ಮ್ಯೂಸಿಯಂ ತೆರೆಯುವ ಸಮಯವನ್ನು ಹೊರಡುವ ಮುನ್ನ ನೋಡಿಕೊಳ್ಳಿ, ಸೀಸನ್ ಮೇಲೆ ಬದಲಾಗುತ್ತದೆ.

ಈಗ ಮೇಷ್ಟ್ರಿಗೆ. 1284ರಲ್ಲಿ ರಾಜ ಮಾಗ್ನುಸ್ ಲಾದುಲೋಸ್ ಈ ಊರಿಗೆ ಪಟ್ಟಣದ ಹಕ್ಕು ಕೊಟ್ಟ. ಆದರೆ ಅಷ್ಟು ಹಳೇ ಕಟ್ಟಡ ಹುಡುಕಿದರೆ ಸಿಗುವುದಿಲ್ಲ. ಕಾರಣ 1612. ಡೆನ್ಮಾರ್ಕ್ ಸೈನ್ಯ ಬರುತ್ತಿದೆ ಅಂತ ಗೊತ್ತಾದಾಗ ಇಲ್ಲಿನವರು ಊರಿಗೆ ತಾವೇ ಬೆಂಕಿ ಹಚ್ಚಿದರು, ಶತ್ರುವಿನ ಕೈಗೆ ಸಿಗಬಾರದು ಅಂತ. ಆಮೇಲೆ ಹಳೇ ಜಾಗ ಬಿಟ್ಟು ಸ್ವಲ್ಪ ಪೂರ್ವಕ್ಕೆ, ವೆಟರ್ನ್ ಮತ್ತು ಮುಂಕ್‌ಶೋನ್ ಎಂಬ ಸಣ್ಣ ಕೆರೆಯ ನಡುವಿನ ನೆಲದಲ್ಲಿ ಹೊಸ ಊರು ಕಟ್ಟಿದರು. ಇವತ್ತಿನ ಪೇಟೆ ಅದೇ. ಅಲ್ಲೇ ಯೋತಾ ಹೈಕೋರ್ಟ್ ಇದೆ. 1634ರಲ್ಲಿ ಶುರುವಾಯಿತು, ಸ್ವೀಡನ್ನಿನ ಎರಡನೇ ಹಳೇ ಮೇಲ್ಮನವಿ ನ್ಯಾಯಾಲಯ. ಹದಿನೇಳನೇ ಶತಮಾನದ ಕಟ್ಟಡದಲ್ಲಿ ಇವತ್ತಿಗೂ ಅದೇ ಕೆಲಸ ನಡೆಯುತ್ತಿದೆ.

ಆ ಕೋರ್ಟಿನ ಮುಂದೆ ನಿಂತು ಅಪ್ಪನಿಗೆ ಇನ್ನೊಂದು ಹೆಸರು ಹೇಳಿ: ಡಾಗ್ ಹಮ್ಮರ್‌ಶೋಲ್ಡ್. ವಿಶ್ವಸಂಸ್ಥೆಯ ಎರಡನೇ ಪ್ರಧಾನ ಕಾರ್ಯದರ್ಶಿ, 1961ರಲ್ಲಿ ಕಾಂಗೋ ಸಂಘರ್ಷದ ಸಂಧಾನಕ್ಕೆ ಹೊರಟಾಗ ಆಫ್ರಿಕಾದಲ್ಲಿ ವಿಮಾನ ಬಿದ್ದು ತೀರಿಕೊಂಡವರು. ಅವರು ಹುಟ್ಟಿದ್ದು 1905ರಲ್ಲಿ ಈ ಊರಿನಲ್ಲಿ. ತಂದೆ ಆಗ ಈ ಕೋರ್ಟಿನ ಅಧ್ಯಕ್ಷರಾಗಿದ್ದರು.

ತುಮಕೂರಿನವಳು

ಅಪ್ಪನಿಗೆ ಓದಿ ಹೇಳಿದೆ. ಹಮ್ಮರ್‌ಶೋಲ್ಡ್ ಹೆಸರು ಕೇಳಿದ ಕೂಡಲೇ ಕಾಂಗೋ ವಿಷಯವನ್ನು ಅರ್ಧ ಗಂಟೆ ಹೇಳಿದರು. ಇನ್ನು ಅವರನ್ನು ತಡೆಯಲು ಆಗುವುದಿಲ್ಲ! ಅಮ್ಮ ಕೇಳುತ್ತಿರುವುದು ಎರಡೇ ಪ್ರಶ್ನೆ. ಊಟ ಏನು ಮಾಡುವುದು? ಚಳಿ ಎಷ್ಟಿರುತ್ತದೆ?

ಶಿರಸಿ ಅಕ್ಕ

ಊಟದ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ನಾವು ಗೋಥೆನ್‌ಬರ್ಗ್‌ನಲ್ಲಿ ಇರುವುದು, ಅಲ್ಲಿಂದ ಯೋನ್‌ಶೋಪಿಂಗ್‌ಗೆ ಎರಡು ಗಂಟೆ ದಾರಿ. ನನ್ನ ಅತ್ತೆಯವರೂ ಮೊಟ್ಟೆ ತಿನ್ನುವುದಿಲ್ಲ. ಹೋಟೆಲ್ ರೂಮ್ ಬೇಡ, ಅಡುಗೆಮನೆ ಇರುವ ಬಾಡಿಗೆ ಮನೆ ತೆಗೆದುಕೊಳ್ಳಿ. ಅರ್ಧ ಚಿಂತೆ ಅಲ್ಲೇ ಮುಗಿಯುತ್ತದೆ. ಅಕ್ಕಿ, ಬೇಳೆ, ತೆಂಗಿನ ಹಾಲು, ತರಕಾರಿ ಎಲ್ಲ ಸೂಪರ್ ಮಾರ್ಕೆಟ್‌ನಲ್ಲೇ ಸಿಗುತ್ತದೆ. ಹುಣಸೆಹಣ್ಣು, ಸಾಸಿವೆ, ಇಂಗು ಏಷ್ಯನ್ ಅಂಗಡಿಯಲ್ಲಿ. ಮೊಸರಿಗೆ ಚಿಂತೆ ಬೇಡ. ಫಿಲ್‌ಮ್ಯೋಲ್ಕ್ ಅಂತ ಹುಳಿ ಹಾಲಿನ ಪ್ಯಾಕೆಟ್ ಎಲ್ಲ ಕಡೆ ಇರುತ್ತದೆ. ಅನ್ನಕ್ಕೆ ಕಲಸಿ ಒಗ್ಗರಣೆ ಕೊಟ್ಟರೆ ಮೊಸರನ್ನ ಚೆನ್ನಾಗಿಯೇ ಆಗುತ್ತದೆ. ಗಟ್ಟಿ ಬೇಕಾದರೆ ಟರ್ಕಿಶ್ ಯೋಗರ್ಟ್ ತೆಗೆದುಕೊಳ್ಳಿ.

ಊರಿನಿಂದ ಅವಲಕ್ಕಿ, ಚಟ್ನಿಪುಡಿ, ಸಾರಿನ ಪುಡಿ, ಉಪ್ಪಿನಕಾಯಿ ತನ್ನಿ. ಆದರೆ ತುಪ್ಪ, ಪೇಡ, ಕೋವಾದ ಸಿಹಿ, ಹಾಲಿನ ಪುಡಿ ತರಬೇಡಿ. ಹೊರಗಿನ ದೇಶಗಳಿಂದ ಹಾಲಿನ ಪದಾರ್ಥ, ಮಾಂಸ ತರುವುದಕ್ಕೆ ಯುರೋಪಿಯನ್ ಒಕ್ಕೂಟದಲ್ಲಿ ನಿಷೇಧ ಇದೆ. ಹಸಿ ಕರಿಬೇವು, ಹಣ್ಣು, ತರಕಾರಿಯನ್ನೂ ಬಿಡಿ, ಅದಕ್ಕೆ ಸರ್ಟಿಫಿಕೇಟ್ ಕೇಳುತ್ತಾರೆ. ಪ್ರೀತಿಯಿಂದ ಮಾಡಿ ತಂದ ತುಪ್ಪವನ್ನು ಏರ್‌ಪೋರ್ಟಿನಲ್ಲಿ ಬಿಟ್ಟು ಬರುವುದು ಬಹಳ ಬೇಜಾರಿನ ಸಂಗತಿ.

ಹೊರಗೆ ತಿನ್ನಬೇಕಾದರೆ ಮಧ್ಯಾಹ್ನ 11ರಿಂದ 2ರೊಳಗೆ ತಿನ್ನಿ. ಆ ಹೊತ್ತಿನಲ್ಲಿ ದಿನದ ಊಟ ಅಂತ ಕಡಿಮೆ ಬೆಲೆಗೆ ಕೊಡುತ್ತಾರೆ. ಸಲಾಡ್, ಬ್ರೆಡ್, ಕಾಫಿ ಅದರಲ್ಲೇ ಸೇರಿರುತ್ತದೆ. ಫಲಾಫೆಲ್ ಪ್ರತಿ ಊರಿನಲ್ಲೂ ಇದೆ. ಸ್ಮೋಲಾಂಡ್ ಪ್ರಾಂತ್ಯದ ಒಸ್ತ್‌ಕಾಕಾ ಅಂತ ಹಾಲು ಒಡೆಸಿ ಮಾಡುವ ಸಿಹಿ ಪ್ರಸಿದ್ಧ, ನೋಡಿದರೆ ನಮ್ಮದೇ ತಿಂಡಿ ಅನ್ನಿಸುತ್ತದೆ. ಅಮ್ಮನಿಗೆ ಕೊಡಬೇಡಿ, ಅದರಲ್ಲಿ ಮೊಟ್ಟೆ ಇರುತ್ತದೆ, ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ಟೂ ಇರಬಹುದು. ಜೆಲ್ಲಿ ಮಿಠಾಯಿಗಳಲ್ಲಿ ಸಾಮಾನ್ಯವಾಗಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ ಇರುತ್ತದೆ. ಧೈರ್ಯವಾಗಿ ಕೊಡಬಹುದಾದ ಸಿಹಿ ಅಂದರೆ ಗ್ರೆನ್ನಾದ ಪೋಲ್ಕಾಗ್ರೀಸ್. ಸಕ್ಕರೆ, ನೀರು, ಒಂದಿಷ್ಟು ವಿನೆಗರ್, ಪುದೀನ ಎಣ್ಣೆ, ಅಷ್ಟೇ.

ವೆಟರ್ನ್ ದಂಡೆಯವನು

ಚಳಿಗೆ ಉತ್ತರ. ಜೂನ್ ಹಗಲಿನಲ್ಲಿ ಸಾಮಾನ್ಯವಾಗಿ 15ರಿಂದ 22 ಡಿಗ್ರಿ. ಬಿಸಿಲಿಗೆ ಹಿತ. ಆದರೆ ನೀರಿನ ಮೇಲಿಂದ ಗಾಳಿ ಬೀಸಿದರೆ ಸ್ವೆಟರ್ ಬೇಕೇ ಬೇಕು. ಅಮ್ಮನಿಗೆ ಕಿವಿ ಮುಚ್ಚುವ ಟೋಪಿ ಇರಲಿ. ಬೀಚ್‌ನಲ್ಲಿ ಕಾಲು ನೆನೆಸಬಹುದು, ಆದರೆ ನೀರು ಜುಮ್ ಅನ್ನುತ್ತದೆ. ಇಷ್ಟು ಆಳದ ನೀರು ಬೇಗ ಬಿಸಿಯಾಗುವುದಿಲ್ಲ. ಗಾಳಿಯ ದಿಕ್ಕು ಬದಲಾದರೆ ಮೇಲಿನ ಬೆಚ್ಚನೆ ನೀರು ದೂರ ಸರಿದು ತಳದ ತಣ್ಣನೆ ನೀರು ಮೇಲೆ ಬರುತ್ತದೆ. ನಿನ್ನೆ ಈಜಿದವರು ಇವತ್ತು ಹಿಂದೆ ಬರುತ್ತಾರೆ.

ಇನ್ನೊಂದು ವಿಷಯ ನಿದ್ದೆ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ 10ರ ಮೇಲೆ, ಹುಟ್ಟುವುದು ಬೆಳಿಗ್ಗೆ 4ರ ಸುಮಾರಿಗೆ. ನಡುವೆಯೂ ಪೂರ್ತಿ ಕತ್ತಲಾಗುವುದಿಲ್ಲ. ದಪ್ಪ ಪರದೆ ಇರುವ ಮನೆಯನ್ನೇ ನೋಡಿ. ಕಣ್ಣಿಗೆ ಕಟ್ಟಿಕೊಳ್ಳುವ ಪಟ್ಟಿಯನ್ನೂ ತನ್ನಿ. ಆದರೆ ಊಟ ಮುಗಿಸಿ ರಾತ್ರಿ ಒಂಬತ್ತಕ್ಕೆ ಮುಂಕ್‌ಶೋನ್ ಸುತ್ತ ಹಗಲು ಬೆಳಕಿನಲ್ಲಿ ನಡೆದಾಡುವ ಸುಖ ಬೇರೆ ಎಲ್ಲಿ ಸಿಗುತ್ತದೆ? ದಾರಿ ಸಮತಟ್ಟು, ಕೂರಲು ಬೆಂಚು ಇವೆ, ಅಮ್ಮನ ಮಂಡಿಗೆ ತೊಂದರೆಯಿಲ್ಲ. ಸೈಕಲ್ ದಾರಿ ಬೇರೆ, ನಡೆಯುವ ದಾರಿ ಬೇರೆ ಅನ್ನುವುದನ್ನು ಮಾತ್ರ ಇಬ್ಬರಿಗೂ ಮೊದಲೇ ಹೇಳಿ. ಸೈಕಲ್‌ಗಳು ವೇಗವಾಗಿ ಬರುತ್ತವೆ.

ಗೇರ್ ಗಿರೀಶ

ಬೈಕ್ ಹುಚ್ಚಿರುವವರು ಯಾರಾದರೂ ಈ ಚರ್ಚೆ ಓದುತ್ತಿದ್ದರೆ ಹೂಸ್‌ಕ್ವರ್ನಾ ಮರೆಯಬೇಡಿ. ಯೋನ್‌ಶೋಪಿಂಗ್‌ಗೆ ಅಂಟಿಕೊಂಡೇ ಇದೆ, ಸಿಟಿ ಬಸ್ಸಿನಲ್ಲಿ ಹೋಗಬಹುದು. ಅಲ್ಲಿ ಹೊಳೆ ಎತ್ತರದಿಂದ ಧುಮುಕಿ ವೆಟರ್ನ್ ಸೇರುತ್ತದೆ. ಆ ನೀರಿನ ಬಲ ನೋಡಿ 1689ರಲ್ಲಿ ರಾಜರ ಬಂದೂಕು ಕಾರ್ಖಾನೆ ಅಲ್ಲಿಗೆ ಬಂತು. ಬಂದೂಕಿಗೆ ಬೇಡಿಕೆ ಕಡಿಮೆಯಾದಾಗ ಅದೇ ಯಂತ್ರ, ಅದೇ ಕೈಗಳು ಬೇರೆ ಕೆಲಸ ಹಿಡಿದವು. 1872ರಿಂದ ಹೊಲಿಗೆ ಯಂತ್ರ, ಆಮೇಲೆ ಒಲೆ, ಸೈಕಲ್, 1903ರಿಂದ ಮೋಟಾರ್ ಬೈಕ್, 1959ರಿಂದ ಮರ ಕೊಯ್ಯುವ ಚೈನ್ ಗರಗಸ. ಒಂದೇ ಕಾರ್ಖಾನೆಯಿಂದ ಇಷ್ಟೆಲ್ಲ ಬಂದಿದೆ ಅನ್ನುವುದನ್ನು ಮ್ಯೂಸಿಯಂನಲ್ಲಿ ಕಣ್ಣಾರೆ ನೋಡಬೇಕು. ಅಮ್ಮಂದಿರಿಗೆ ಹೊಲಿಗೆ ಯಂತ್ರದ ವಿಭಾಗ ಇಷ್ಟವಾಗುತ್ತದೆ.

ಬೆಂಗಳೂರಿನ ರಸ್ತೆಯಲ್ಲಿ ಓಡಾಡುವ ಸ್ವಾರ್ಟ್‌ಪಿಲೆನ್, ವಿಟ್‌ಪಿಲೆನ್ ಬೈಕ್‌ಗಳ ಟ್ಯಾಂಕ್ ಮೇಲಿರುವ ಹೆಸರು ಈ ಊರಿನದೇ. ಬೈಕ್ ವಿಭಾಗ 1980ರ ದಶಕದಲ್ಲೇ ಇಟಲಿಯವರ ಕೈಗೆ ಹೋಯಿತು, ಆಮೇಲೆ ಜರ್ಮನಿ, ಆಸ್ಟ್ರಿಯಾ. ಭಾರತದಲ್ಲಿ ಮಾರುವವನ್ನು ಬಜಾಜ್ ಪುಣೆ ಹತ್ತಿರ ತಯಾರಿಸುತ್ತದೆ.

ಓಸ್ಲೋದಿಂದ

ಬೆಂಕಿಪೊಟ್ಟಣ, ಬಂದೂಕು, ಕೋರ್ಟು ಎಲ್ಲ ಸರಿ. ಆದರೆ ಇವೆಲ್ಲ ಗೋಡೆಯೊಳಗಿನ ಮ್ಯೂಸಿಯಂಗಳು. ಪ್ರವಾಸ ಅಂದರೆ ಕಣ್ಣು ತುಂಬುವ ನೋಟ ಬೇಕಲ್ವಾ? ಅದೇ ನನ್ನ ಪ್ರಶ್ನೆ. ಆ ದುಡ್ಡಿಗೆ ಅವರಿಗೆ ಎಂಥ ನೋಟ ಸಿಗುತ್ತದೆ?

ವೆಟರ್ನ್ ದಂಡೆಯವನು

ನ್ಯಾಯವಾದ ಪ್ರಶ್ನೆ. ನನ್ನ ಉತ್ತರ: ಗ್ರೆನ್ನಾ ಊರು ಮತ್ತು ವಿಸಿಂಗ್ಸೋ ದ್ವೀಪ. ಇದಕ್ಕೇ ಒಂದು ಇಡೀ ದಿನ ಎತ್ತಿಡಬೇಕು.

ಯೋನ್‌ಶೋಪಿಂಗ್‌ನಿಂದ ಉತ್ತರಕ್ಕೆ, ಸರೋವರದ ಪೂರ್ವ ದಂಡೆ ಹಿಡಿದು ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ಹಾದಿ. ಎಡಗಡೆ ಕೂತುಕೊಳ್ಳಿ. ರಸ್ತೆ ಎತ್ತರದಲ್ಲಿ ಹೋಗುತ್ತದೆ, ಕೆಳಗೆ ಇಡೀ ವೆಟರ್ನ್ ಕಾಣುತ್ತದೆ. ಸ್ವೀಡನ್ನಿನಲ್ಲಿ ಇದಕ್ಕಿಂತ ಚೆನ್ನಾದ ರಸ್ತೆ ನೋಟ ನಾನು ಕಂಡಿಲ್ಲ. ಗ್ರೆನ್ನಾವನ್ನು 1652ರಲ್ಲಿ ಕಟ್ಟಿಸಿದವನು ಪೇರ್ ಬ್ರಾಹೆ ಎಂಬ ದೊಡ್ಡ ಜಮೀನ್ದಾರ. ಒಂದೇ ಮುಖ್ಯ ಬೀದಿ, ಎರಡೂ ಕಡೆ ಮರದ ಮನೆಗಳು. ಆ ಬೀದಿಯ ತುಂಬ ಮಿಠಾಯಿ ಅಂಗಡಿ. ಬಿಸಿ ಸಕ್ಕರೆಯನ್ನು ಎಳೆದು, ಕೆಂಪು ಬಿಳಿ ಪಟ್ಟೆ ಹೊಸೆದು ಕಡ್ಡಿ ಮಾಡುವುದನ್ನು ಗಾಜಿನ ಆಚೆ ನಿಂತು ನೋಡಬಹುದು. ಶಿರಸಿ ಅಕ್ಕ ಹೇಳಿದ ಮಿಠಾಯಿ ಇದೇ. ಇದನ್ನು ಶುರು ಮಾಡಿದ್ದು ಅಮಾಲಿಯಾ ಎರಿಕ್ಸನ್. ಗಂಡ ತೀರಿಕೊಂಡಿದ್ದರು, ಸಾಕಬೇಕಾದ ಮಗಳಿದ್ದಳು. ಆ ಕಾಲದಲ್ಲಿ ಹೆಂಗಸು ವ್ಯಾಪಾರ ಮಾಡಬೇಕಾದರೆ ಊರಿನ ಆಡಳಿತದ ಅಪ್ಪಣೆ ಬೇಕಿತ್ತು. 1859ರಲ್ಲಿ ಅಪ್ಪಣೆ ಪಡೆದು ಒಲೆ ಹಚ್ಚಿದರು. ಇವತ್ತು ಆ ಊರು ಬದುಕುತ್ತಿರುವುದೇ ಅವರ ಮಿಠಾಯಿಯ ಮೇಲೆ. ಅವರ ಪ್ರತಿಮೆ ಊರಿನಲ್ಲಿದೆ. ರಾಜರ ಪ್ರತಿಮೆಗಿಂತ ಅದರ ಮುಂದೆ ನಿಲ್ಲುವುದು ನನಗೆ ಇಷ್ಟ.

ಗ್ರೆನ್ನಾ ಮ್ಯೂಸಿಯಂ ಮೇಷ್ಟ್ರಿಗೆ. ಈ ಊರಿನಲ್ಲಿ ಹುಟ್ಟಿದ ಎಸ್. ಎ. ಆಂದ್ರೆ ಎಂಬ ಎಂಜಿನಿಯರ್ 1897ರಲ್ಲಿ ಇಬ್ಬರು ಜೊತೆಗಾರರೊಂದಿಗೆ ಬಲೂನಿನಲ್ಲಿ ಉತ್ತರ ಧ್ರುವಕ್ಕೆ ಹೊರಟರು. ಮತ್ತೆ ಸುದ್ದಿಯೇ ಇಲ್ಲ. 33 ವರ್ಷ ಆದ ಮೇಲೆ, 1930ರಲ್ಲಿ, ಹಿಮದ್ವೀಪವೊಂದರಲ್ಲಿ ಅವರ ದೇಹಗಳು, ದಿನಚರಿ, ಕ್ಯಾಮೆರಾ ಫಿಲ್ಮ್ ಸಿಕ್ಕವು. ಫಿಲ್ಮ್ ತೊಳೆದರೆ ಚಿತ್ರಗಳು ಮೂಡಿದವು! ಹಿಮದ ಮೇಲೆ ಬಿದ್ದ ಬಲೂನು, ಪಕ್ಕದಲ್ಲಿ ನಿಂತ ಜನ. ಆ ಚಿತ್ರಗಳನ್ನು ಅಲ್ಲಿ ನೋಡಬಹುದು.

ಗ್ರೆನ್ನಾ ಬಂದರಿನಿಂದ ವಿಸಿಂಗ್ಸೋ ದ್ವೀಪಕ್ಕೆ ಫೆರಿ, ಸುಮಾರು 25 ನಿಮಿಷ. ಕಾರಿದ್ದರೆ ಮೊದಲೇ ಬುಕ್ ಮಾಡಬೇಕು, ನಡೆದು ಹತ್ತುವವರಿಗೆ ಆ ಚಿಂತೆ ಕಡಿಮೆ. ದ್ವೀಪ 14 ಕಿಲೋಮೀಟರ್ ಉದ್ದ, 3 ಕಿಲೋಮೀಟರ್ ಅಗಲ. ಬೇಸಿಗೆಯಲ್ಲಿ ಬಂದರಿನಲ್ಲೇ ಕುದುರೆ ಗಾಡಿ ಸಿಗುತ್ತದೆ. ಉದ್ದನೆಯ ಗಾಡಿ, ಪಕ್ಕಕ್ಕೆ ಮುಖ ಮಾಡಿ ಸಾಲಾಗಿ ಕೂರುವುದು. ಅಮ್ಮನಿಗೆ ಇದಕ್ಕಿಂತ ಒಳ್ಳೆಯ ವಾಹನ ಇಲ್ಲ.

ಆ ದ್ವೀಪದಲ್ಲಿ ಓಕ್ ಮರಗಳ ದೊಡ್ಡ ಕಾಡಿದೆ. ತಾನಾಗಿ ಬೆಳೆದದ್ದಲ್ಲ. 1830ರ ದಶಕದಲ್ಲಿ ಯುದ್ಧ ಹಡಗು ಕಟ್ಟಲು ಮರ ಬೇಕಾಗುತ್ತದೆ ಅಂತ ಸರ್ಕಾರ ನೆಡಿಸಿದ್ದು. ಹಡಗಿಗೆ ಆಗುವಷ್ಟು ಓಕ್ ಬೆಳೆಯಲು ನೂರೈವತ್ತು ವರ್ಷ ಬೇಕು. 1975ರಲ್ಲಿ ಅರಣ್ಯ ಇಲಾಖೆ ನೌಕಾಪಡೆಗೆ ತಿಳಿಸಿತು, ನಿಮ್ಮ ಮರ ಸಿದ್ಧವಾಗಿದೆ ಅಂತ. ಅಷ್ಟು ಹೊತ್ತಿಗೆ ಹಡಗುಗಳೆಲ್ಲ ಉಕ್ಕಿನವಾಗಿದ್ದವು. ಮರಗಳು ಉಳಿದುಕೊಂಡವು. ನೆಟ್ಟಗೆ, ಎತ್ತರಕ್ಕೆ, ಸಾಲಾಗಿ ನಿಂತಿವೆ. ನೆಟ್ಟವರು ತಮ್ಮ ಕಾಲದಲ್ಲಿ ಏನೂ ಸಿಗುವುದಿಲ್ಲ ಅಂತ ಗೊತ್ತಿದ್ದೂ ನೆಟ್ಟರಲ್ಲ, ಆ ಕಾಡಿನೊಳಗೆ ಹೋದಾಗಲೆಲ್ಲ ನನಗೆ ಅವರ ಬಗ್ಗೆ ಗೌರವ ಹೆಚ್ಚುತ್ತದೆ.

ದ್ವೀಪದ ದಕ್ಷಿಣ ತುದಿಯಲ್ಲಿ ನೇಸ್ ಕೋಟೆಯ ಅವಶೇಷ ಇದೆ. ಹನ್ನೆರಡು, ಹದಿಮೂರನೇ ಶತಮಾನದಲ್ಲಿ ಸ್ವೀಡನ್ನಿನ ರಾಜರು ಅಲ್ಲಿದ್ದರು. ಕಾರ್ಲ್ ಸ್ವೆರ್ಕೆರ್ಸನ್ ಎಂಬ ರಾಜನನ್ನು 1167ರಲ್ಲಿ ಅಲ್ಲೇ ಕೊಂದರು. ನಮ್ಮ ಊರಿಗೆ ಹಕ್ಕು ಕೊಟ್ಟ ಮಾಗ್ನುಸ್ ಲಾದುಲೋಸ್ 1290ರಲ್ಲಿ ತೀರಿಕೊಂಡದ್ದು ಇದೇ ದ್ವೀಪದಲ್ಲಿ. ಈಗ ಆ ಕೋಟೆಯಲ್ಲಿ ಉಳಿದಿರುವುದು ಅರ್ಧ. ಇನ್ನರ್ಧ ನೀರು ಪಾಲಾಗಿದೆ. ಕಾರಣ ಕೇಳಿದರೆ ಮೇಷ್ಟ್ರು ಖುಷಿಪಡುತ್ತಾರೆ. ಹಿಮಯುಗದಲ್ಲಿ ಇಲ್ಲಿ ಕಿಲೋಮೀಟರುಗಟ್ಟಲೆ ದಪ್ಪದ ಮಂಜುಗಡ್ಡೆ ಕೂತಿತ್ತು. ಅದು ಕರಗಿದ ಮೇಲೆ ನೆಲ ನಿಧಾನವಾಗಿ ಮೇಲೇಳುತ್ತಿದೆ. ಉತ್ತರದಲ್ಲಿ ಏಳುವ ವೇಗ ದಕ್ಷಿಣಕ್ಕಿಂತ ಜಾಸ್ತಿ. ಹಾಗಾಗಿ ಸಾರು ಬಡಿಸಿದ ತಟ್ಟೆಯ ಒಂದು ಅಂಚು ಎತ್ತಿದ ಹಾಗೆ ವೆಟರ್ನ್ ನೀರು ದಕ್ಷಿಣಕ್ಕೆ ವಾಲುತ್ತಿದೆ. ಯೋನ್‌ಶೋಪಿಂಗ್ ಕಡೆ ದಂಡೆಯನ್ನು ನೀರು ಕೊರೆಯುತ್ತಲೇ ಇದೆ.

ಮಲ್ಲೇಶ್ವರದ ಚಿತ್ರಗಾರ್ತಿ

ಒಂದು ವಿಷಯ ಸೇರಿಸಲೇಬೇಕು. ಯೋನ್‌ಶೋಪಿಂಗ್ ಜಿಲ್ಲಾ ಮ್ಯೂಸಿಯಂನಲ್ಲಿ ಯೋನ್ ಬೌಯರ್ ಚಿತ್ರಗಳ ದೊಡ್ಡ ಸಂಗ್ರಹ ಇದೆ. ಅವರು 1882ರಲ್ಲಿ ಅಲ್ಲೇ ಹುಟ್ಟಿದವರು. ಕತ್ತಲ ಕಾಡು, ಪಾಚಿ ಹಿಡಿದ ಕಲ್ಲು, ಬಂಡೆಯಷ್ಟು ದೊಡ್ಡ ಮೂಗಿನ ದೈತ್ಯರು, ಅವರ ನಡುವೆ ಬೆಳ್ಳಗೆ ಹೊಳೆಯುವ ಪುಟ್ಟ ರಾಜಕುಮಾರಿ. ಸ್ವೀಡನ್ನಿನ ಮಕ್ಕಳು ಕಥೆಗಳ ಕಾಡನ್ನು ಅವರ ಕಣ್ಣಿನಿಂದಲೇ ನೋಡುತ್ತಾ ಬೆಳೆದಿದ್ದಾರೆ. ನಾನು ಜಲವರ್ಣ ಕಲಿಯುವಾಗ ಅವರ ಮುದ್ರಿತ ಚಿತ್ರಗಳನ್ನೇ ಎದುರಿಗಿಟ್ಟುಕೊಂಡು ನೆರಳು ಹಾಕುವುದನ್ನು ಅಭ್ಯಾಸ ಮಾಡಿದೆ. ಕಪ್ಪಿನಲ್ಲಿ ಅಷ್ಟು ಬಗೆ ಇರುತ್ತದೆ ಅಂತ ಅವರಿಂದ ತಿಳಿಯಿತು.

ಅವರ ಕೊನೆ ಮಾತ್ರ ಸಂಕಟದ್ದು. 1918ರ ಅಕ್ಟೋಬರ್‌ನಲ್ಲಿ ಯೇತೋ ಎಂಬಲ್ಲಿ ಭೀಕರ ರೈಲು ಅಪಘಾತ ಆಗಿತ್ತು. ಅದಕ್ಕೆ ಹೆದರಿ, ನವೆಂಬರ್‌ನಲ್ಲಿ ಸ್ಟಾಕ್‌ಹೋಮ್‌ಗೆ ಹೊರಟಾಗ ಬೌಯರ್ ರೈಲು ಬಿಟ್ಟು ಹಡಗು ಹಿಡಿದರು. ಜೊತೆಗೆ ಹೆಂಡತಿ, ಎಳೆಯ ಮಗ. ಪೇರ್ ಬ್ರಾಹೆ ಹೆಸರಿನ ಆ ಹಡಗಿನ ಮೇಲೆ ಹೂಸ್‌ಕ್ವರ್ನಾದ ಹೊಲಿಗೆ ಯಂತ್ರ, ಒಲೆಗಳನ್ನು ಅತಿಯಾಗಿ ಹೇರಿದ್ದರು. ವೆಟರ್ನ್‌ನಲ್ಲಿ ಗಾಳಿ ಎದ್ದಿತು. ಹಡಗು ಮುಳುಗಿ 24 ಜನವೂ ಸತ್ತರು. ಆ ಚಿತ್ರಗಳ ಮುಂದೆ ಸ್ವಲ್ಪ ಹೊತ್ತು ಕೂರಿ, ದಯವಿಟ್ಟು ಅವಸರ ಮಾಡಬೇಡಿ.

ಗೇರ್ ಗಿರೀಶ

ಓದಿ ಮನಸ್ಸು ಭಾರವಾಯಿತು ಮೇಡಂ. ಮ್ಯೂಸಿಯಂನ ಹೊಲಿಗೆ ಯಂತ್ರಗಳನ್ನು ಇನ್ನು ಬೇರೆ ಕಣ್ಣಿನಿಂದ ನೋಡಬೇಕಾಗುತ್ತದೆ.

ಶಿರಸಿ ಅಕ್ಕ

ವ್ಯವಹಾರದ ನಾಲ್ಕು ಮಾತು, ಬೇಗ ಹೇಳಿ ಮುಗಿಸುತ್ತೇನೆ. ಷೆಂಗೆನ್ ವೀಸಾಕ್ಕೆ, ಅಂದರೆ ಸ್ವೀಡನ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾಕ್ಕೆ, ದೊಡ್ಡವರಿಗೆ 90 ಯೂರೋ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಪ್ರಯಾಣಕ್ಕೆ ಆರು ತಿಂಗಳ ಮುಂಚೆಯಿಂದ ಅರ್ಜಿ ಹಾಕಬಹುದು, ಬೇಸಿಗೆಗೆ ರಶ್ ಜಾಸ್ತಿ, ಕಾಯಬೇಡಿ. ತಮ್ಮನಿಂದ ಆಹ್ವಾನ ಪತ್ರ ತರಿಸಿಕೊಳ್ಳಿ. ನಗದು ಹಣ ಹೆಚ್ಚು ತರಬೇಡಿ, ಬಸ್ಸಿನಲ್ಲಿ, ಕೆಫೆಯಲ್ಲಿ, ಶೌಚಾಲಯದಲ್ಲೂ ಕಾರ್ಡೇ ನಡೆಯುವುದು. ಅಪ್ಪ ಅಮ್ಮ ಇಬ್ಬರ ಹತ್ತಿರವೂ ಒಂದೊಂದು ಕಾರ್ಡ್ ಇರಲಿ. ತುರ್ತಿಗೆ 112, ಆರೋಗ್ಯದ ಸಲಹೆಗೆ 1177. ಮಾತ್ರೆಗಳ ಚೀಟಿ ಇಂಗ್ಲಿಷ್‌ನಲ್ಲಿ ಬರೆಸಿಕೊಂಡು ಬನ್ನಿ.

ಮಿಡ್‌ಸಮ್ಮರ್ ಹಬ್ಬ ಜೂನ್ 19ರಿಂದ 25ರೊಳಗಿನ ಶುಕ್ರವಾರ ಬರುತ್ತದೆ. ಆವತ್ತು ಪೇಟೆ ಖಾಲಿ, ಅಂಗಡಿಗಳು ಮುಚ್ಚಿರುತ್ತವೆ. ಹಿಂದಿನ ದಿನವೇ ಹಾಲು, ತರಕಾರಿ ತಂದಿಡಿ. ಹಬ್ಬದ ದಿನ ಹೂವಿನ ಕಂಬದ ಸುತ್ತ ಕುಣಿಯುವುದನ್ನು ನೋಡಲು ಯಾರು ಬೇಕಾದರೂ ಹೋಗಬಹುದು. ಅಮ್ಮನಿಗೂ ಹೂವಿನ ಕಿರೀಟ ಹೆಣೆದು ಕೊಡಿ.

ಓಸ್ಲೋದಿಂದ

ಓಕ್ ಕಾಡು ಮತ್ತು ವಾಲುವ ಸರೋವರದ ಮಾತು ಕೇಳಿದ ಮೇಲೆ ನಾನೇ ಒಂದು ಸಲ ಬರಬೇಕು ಅನ್ನಿಸಿದೆ. ಫ್ಯೋರ್ಡ್ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಮೂರು ರಾಜಧಾನಿಗಳ ಓಟಕ್ಕಿಂತ ಇದು ಮೇಲು, ಒಪ್ಪುತ್ತೇನೆ.

ತುಮಕೂರಿನವಳು

ಎಲ್ಲರಿಗೂ ಮನಸಾರೆ ಧನ್ಯವಾದ. ಮನೆಯಲ್ಲಿ ತೀರ್ಮಾನ ಆಯಿತು. ಏಜೆಂಟ್ ಪ್ಲ್ಯಾನ್ ಬಿಟ್ಟೆವು. ಯೋನ್‌ಶೋಪಿಂಗ್‌ನಲ್ಲಿ ನಾಲ್ಕಲ್ಲ, ಐದು ದಿನ. ಅಡುಗೆಮನೆ ಇರುವ ಮನೆಯನ್ನು ತಮ್ಮ ಹುಡುಕುತ್ತಿದ್ದಾನೆ. ಮಿಡ್‌ಸಮ್ಮರ್ ನೋಡಿಕೊಂಡೇ ಹೊರಡುತ್ತೇವೆ. ಎರಡು ಸಂದೇಹ ಉಳಿದಿವೆ. ಸ್ಟಾಕ್‌ಹೋಮ್‌ನಲ್ಲಿ ಇಳಿಯುವುದಾದರೆ ರೈಲು ಹೇಗೆ? ಕೊನೆಗೆ ಓಸ್ಲೋ ಕಡೆಗೂ ಹೋಗಬೇಕು ಅನ್ನಿಸಿದರೆ?

ವೆಟರ್ನ್ ದಂಡೆಯವನು

ಸ್ಟಾಕ್‌ಹೋಮ್‌ನಿಂದ ರೈಲಿಗೆ ಮೂರರಿಂದ ಮೂರೂವರೆ ಗಂಟೆ. ಹೆಚ್ಚಿನವು ನೆಶೋ ಜಂಕ್ಷನ್‌ನಲ್ಲಿ ಬದಲಾಯಿಸಬೇಕು. ಬದಲಾಯಿಸುವ ನಡುವೆ ಅರ್ಧ ಗಂಟೆ ಸಮಯ ಇರುವ ಟಿಕೆಟ್ ತೆಗೆದುಕೊಳ್ಳಿ, ಅಮ್ಮ ಲಿಫ್ಟ್ ಹುಡುಕಿಕೊಂಡು ನಿಧಾನವಾಗಿ ಬರಲಿ. ಮೊದಲೇ ಬುಕ್ ಮಾಡಿದರೆ ಬೆಲೆ ತುಂಬಾ ಕಡಿಮೆ, ಹಿರಿಯರಿಗೆ ರಿಯಾಯಿತಿಯೂ ಇದೆಯಾ ನೋಡಿ. ಓಸ್ಲೋಗೆ ಹೋಗಬೇಕಾದರೆ ಮೊದಲು ಗೋಥೆನ್‌ಬರ್ಗ್‌ಗೆ ಎರಡು ಗಂಟೆ, ಅಲ್ಲಿಂದ ರೈಲಿನಲ್ಲಿ ನಾಲ್ಕು ಗಂಟೆ ಹತ್ತಿರ. ಒಂದೇ ದಿನ ಮಾಡಬೇಡಿ, ನಡುವೆ ಗೋಥೆನ್‌ಬರ್ಗ್‌ನಲ್ಲಿ ಒಂದು ರಾತ್ರಿ ಉಳಿಯಿರಿ. ಮನೆ ಬುಕ್ ಮಾಡುವ ಮುನ್ನ ಎಲ್ಮಿಯಾ ಎಂಬ ಪ್ರದರ್ಶನ ಕೇಂದ್ರದಲ್ಲಿ ಆ ವಾರ ಏನಾದರೂ ದೊಡ್ಡ ಮೇಳ ಇದೆಯಾ ಅಂತ ತಮ್ಮನನ್ನು ಕೇಳಿ. ಡ್ರೀಮ್‌ಹ್ಯಾಕ್ ಎಂಬ ಕಂಪ್ಯೂಟರ್ ಗೇಮ್ ಜಾತ್ರೆ ವರ್ಷಾನುಗಟ್ಟಲೆ ಅಲ್ಲೇ ನಡೆದಿದೆ, ಅಂಥದ್ದು ಇದ್ದರೆ ಊರಿನಲ್ಲಿ ಒಂದು ರೂಮೂ ಸಿಗುವುದಿಲ್ಲ.

ಶಿರಸಿ ಅಕ್ಕ

ಗೋಥೆನ್‌ಬರ್ಗ್‌ನಲ್ಲಿ ಹೋಟೆಲ್ ಯಾಕೆ? ನಮ್ಮ ಮನೆ ಇದೆ. ತಾರೀಖು ತಿಳಿಸಿ, ಅಮ್ಮನಿಗೆ ಮೊಟ್ಟೆ ಇಲ್ಲದ ಊಟದ ಜವಾಬ್ದಾರಿ ನನ್ನದು.